ಅರಳೆಗೊಂದು ಸದ್ದಿಲ್ಲದ ಕೋಣೆ

"ಈ ಸಲ ಆಕಾಶವೇ ಕಳಚಿ ಬೀಳಲಿ, ನಮ್ಮ ಅರಳೆಯ ಕಿವಿಗೆ ಸೊಳ್ಳೆ ಹಾರಿದಷ್ಟೂ ಸದ್ದು ಬೀಳದ ಹಾಗೆ ಮಾಡ್ತೀನಿ. ಮಾಡದಿದ್ರೆ ನನ್ನನ್ನ ಕುಶನ್ ಮೇಸ್ತ್ರಿ ಅಂತ ಕರೀಬೇಡ!"

ಮೇಸ್ತ್ರಿ ಈ ಶಪಥ ಮಾಡಿದ್ದು ಊರಿನ ಬಾಣಬಿರುಸಿನ ರಜೆಗೆ ಸರಿಯಾಗಿ ಹತ್ತು ದಿನ ಮುಂಚೆ, ಹಲ್ಲುಜ್ಜುತ್ತ. ಬಾಯಿತುಂಬ ನೊರೆಯಿದ್ದುದರಿಂದ ಶಪಥದ ಅರ್ಧ ಭಾಗ ಕನ್ನಡಿಯ ಮೇಲೆ ಬಿತ್ತು. ಹೆಂಡತಿ ಬಟ್ಟೆ ತಂದು ಕನ್ನಡಿ ಒರೆಸಿದಳು. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸೂಜಿ ಚುಚ್ಚುವವಳು. "ನನಗೇನೂ ಹೆದರಿಕೆಯಿಲ್ಲ" ಎಂದು ಗಟ್ಟಿಯಾಗಿ ಹೇಳಿ ಮರುಕ್ಷಣವೇ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುವ ಐವತ್ತು ಜನರನ್ನು ದಿನಾ ನೋಡುವವಳಿಗೆ ಶಪಥಗಳ ಬಗ್ಗೆ ತನ್ನದೇ ಒಂದು ಅಭಿಪ್ರಾಯವಿತ್ತು.

ಅರಳೆ ಎಂದರೆ ಅವರ ನಾಯಿ. ಏಳು ವರ್ಷದ ಹಿಂದೆ ಅಂಗಡಿಯ ಅರಳೆ ಮೂಟೆಯೊಳಗೆ ಯಾವುದೋ ಬೀದಿನಾಯಿ ಬಿಟ್ಟುಹೋದ ಮರಿ. ಆಗ ಅದು ಬೆಳ್ಳಗೆ, ಮೆತ್ತಗೆ, ಅಂಗೈಯೊಳಗೆ ಹಿಡಿಯುವಷ್ಟಿತ್ತು. ಈಗ ಕಂದುಬಣ್ಣಕ್ಕೆ ತಿರುಗಿ ಮೂವತ್ತು ಕಿಲೋ ತೂಗುತ್ತದೆ. ಹೆಸರು ಬದಲಾಯಿಸೋಣವೆಂದರೆ ಅದು ಬೇರೆ ಯಾವ ಹೆಸರಿಗೂ ಓಗೊಡುವುದಿಲ್ಲ. ಹಾಲಿನವನ ಸ್ಕೂಟರಿಗೂ, ಪಕ್ಕದ ಬೀದಿಯ ಗೂಳಿಯಂಥ ನಾಯಿಗೂ ಅದಕ್ಕೆ ಅಂಜಿಕೆಯಿಲ್ಲ. ಪಟಾಕಿ ಒಂದು ಸಿಡಿದರೆ ಮಾತ್ರ ಮೂವತ್ತು ಕಿಲೋವೂ ನಡುಗುತ್ತದೆ.

ವರ್ಷಕ್ಕೊಮ್ಮೆ ರಜೆಯ ದಿನ ಸಂಜೆ ಏಳಕ್ಕೆ ಊರ ಮೈದಾನದಲ್ಲಿ ಅರ್ಧ ಗಂಟೆ ಬಾಣಬಿರುಸು ಹಾರಿಸುತ್ತಾರೆ. ಊರಿಗೆ ಊರೇ ಚಾಪೆ ಹಿಡಿದುಕೊಂಡು ಅಲ್ಲಿಗೆ ಹೋಗುತ್ತದೆ. ಮೇಸ್ತ್ರಿ ಹೋಗುವುದಿಲ್ಲ. "ಪಾಪ, ಅರಳೆ ಒಂದೇ ಆಗುತ್ತೆ. ನಾನು ಜೊತೆಗಿರ್ತೀನಿ" ಎಂದು ದೊಡ್ಡ ಮನಸ್ಸಿನಿಂದ ಮನೆಯಲ್ಲೇ ಉಳಿಯುತ್ತಾನೆ. ಅರಳೆ ಬರುವುದಕ್ಕೆ ಮುಂಚಿನ ವರ್ಷಗಳಲ್ಲೂ ಅವನು ಹೋಗಿರಲಿಲ್ಲ. ಒಂದು ವರ್ಷ ಹೊಟ್ಟೆನೋವು, ಇನ್ನೊಂದು ವರ್ಷ ಅರ್ಜೆಂಟ್ ಆರ್ಡರು, ಮತ್ತೊಂದು ವರ್ಷ ಅದೇ ಹೊಟ್ಟೆನೋವು. ಇದನ್ನು ಯಾರೂ ಗಮನಿಸಿಲ್ಲವೆಂದು ಅವನು ನಂಬಿದ್ದ.

ಹೋದ ವರ್ಷದ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ನಾಲ್ಕು ಗಂಟೆಗೇ ನಾಯಿಯನ್ನು ತಿರುಗಾಡಿಸಿಕೊಂಡು ಬನ್ನಿ ಎಂದು ಹೆಂಡತಿ ಹೇಳಿದ್ದಳು. ಮೇಸ್ತ್ರಿ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಆರೂವರೆಗೆ ಹೊರಟ. ಬೀದಿಯ ತಿರುವಿನಲ್ಲಿ ಮೊದಲ ಪಟಾಕಿ ಸಿಡಿಯಿತು. ಹಗ್ಗ ಕೈತಪ್ಪಿತು, ಅರಳೆ ದಿಕ್ಕೆಟ್ಟು ಓಡಿತು. ಎರಡು ದಿನ ಮೇಸ್ತ್ರಿ ಊಟ ಬಿಟ್ಟು ಬೀದಿ ಬೀದಿ ಕೂಗುತ್ತ ಅಲೆದ. ಮೂರನೆಯ ದಿನ ಬಸ್ ಡಿಪೋದ ಹಿಂದೆ, ಹಳೆಯ ಟೈರುಗಳ ರಾಶಿಯೊಳಗೆ ಅದು ಸಿಕ್ಕಿತು. ಒಂದು ಪಾದ ಕೊಯ್ದುಹೋಗಿತ್ತು, ಹೊಟ್ಟೆ ಬೆನ್ನಿಗಂಟಿತ್ತು. ಇವನನ್ನು ನೋಡಿ ಬಾಲದ ತುದಿಯನ್ನಷ್ಟೇ ಅಲ್ಲಾಡಿಸಿತು. ಮೇಸ್ತ್ರಿ ಡ್ರೈವರ್ ಕಂಡಕ್ಟರುಗಳೆಲ್ಲ ನೋಡುತ್ತಿದ್ದಂತೆಯೇ ಟೈರಿನ ಮೇಲೆ ಕೂತು ಗಳಗಳನೆ ಅತ್ತುಬಿಟ್ಟ.

ಅತ್ತಿದ್ದನ್ನು ಮರೆಮಾಚಲು ಆಮೇಲೆ ಕಥೆ ಕಟ್ಟಿದ. ಅರಳೆ ಎಳೆದ ಏಟಿಗೆ ಹಗ್ಗ ಕೈಯಿಂದ ಕಿತ್ತೇಹೋಯಿತಂತೆ. ಮೊದಲ ದಿನ ಅದು ಎಳೆದದ್ದು ಕರುವಿನಷ್ಟು ಬಲವಾಗಿ, ವಾರದ ಹೊತ್ತಿಗೆ ಎತ್ತಿನಷ್ಟು, ತಿಂಗಳ ಕೊನೆಗೆ ಜೋಡಿ ಎತ್ತಿನಷ್ಟು. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದ್ದಳು. "ಇನ್ನೊಂದು ಸಲ ಹೀಗಾದ್ರೆ ಅರಳೆ ನನ್ನ ತಮ್ಮನ ಹತ್ರ ಹೋಗುತ್ತೆ. ಅದರ ಜೀವ ಮುಖ್ಯ, ನಮ್ಮ ಆಸೆಯಲ್ಲ." ತಮ್ಮ ಊರಾಚೆ ಕೋಳಿ ಸಾಕುತ್ತಾನೆ. ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿಬಿಡುತ್ತವೆಂದು ಅಲ್ಲಿ ಸುತ್ತ ಎರಡು ಮೈಲಿ ಯಾರೂ ಪಟಾಕಿ ಮುಟ್ಟುವುದಿಲ್ಲ.  ಅರಳೆಯಿಲ್ಲದ ಮನೆಯನ್ನು ಮೇಸ್ತ್ರಿಗೆ ಊಹಿಸಿಕೊಳ್ಳಲೂ ಆಗುತ್ತಿರಲಿಲ್ಲ. ಶಪಥ ಹುಟ್ಟಿದ್ದು ಅಲ್ಲಿಂದ.

ಇನ್ನು ಶಪಥ ನೆರವೇರಿದ ಬಗೆ. ಅಡುಗೆಮನೆಯ ಪಕ್ಕದ ಸಾಮಾನು ಕೋಣೆಯಿಂದ ಹಳೆಯ ಬಕೆಟ್ಟು, ಮುರಿದ ಫ್ಯಾನು ಎಲ್ಲ ಹೊರಬಿದ್ದವು. ಗೋಡೆಗೆ ಮೊದಲು ತೆಂಗಿನ ನಾರಿನ ಹಾಳೆ, ಅದರ ಮೇಲೆ ಮೂರು ಬೆರಳು ದಪ್ಪದ ಸ್ಪಂಜು, ಅದರ ಮೇಲೆ ಹದವಾಗಿ ಬಡಿದ ಹತ್ತಿ, ಎಲ್ಲದರ ಮೇಲೆ ಕಡುಗೆಂಪು ರೆಕ್ಸಿನ್. ಗೇಣಿಗೊಂದು ಗುಂಡಿ, ಗುಂಡಿಗೊಂದು ಮೇಣ ಹಚ್ಚಿದ ಜೋಡಿ ದಾರ. ಕೋಣೆ ನಾಯಿಗೆಂದು ಯಾರೂ ಹೇಳುವಂತಿರಲಿಲ್ಲ, ರಾಜನೊಬ್ಬ ಮಂತ್ರಿಯ ಜೊತೆ ಗುಟ್ಟು ಮಾತಾಡಲು ಮಾಡಿಸಿಕೊಂಡ ಹಾಗಿತ್ತು! ಅತ್ತ ಅಂಗಡಿಯಲ್ಲಿ ರಿಪೇರಿಗೆ ಬಂದ ದಂತವೈದ್ಯರ ಸೋಫಾ ಹತ್ತು ದಿನ ಬರೀ ಎಲುಬಿನಲ್ಲಿ ನಿಂತಿತ್ತು. ಅವರ ರೋಗಿಗಳು ಕೆನ್ನೆ ಹಿಡಿದುಕೊಂಡು ನಿಂತೇ ಕಾಯುತ್ತಿದ್ದರು.

ಮೇಸ್ತ್ರಿಯ ಕಸುಬಿನಲ್ಲಿ ಒಂದು ನೇಮವಿದೆ. "ಮೊಳೆ ಕಂಡರೆ ಮಾನ ಹೋಯಿತು" ಎಂದು ಅಂಗಡಿಯ ಬೋರ್ಡಿನ ಕೆಳಗೇ ಬರೆಸಿದ್ದಾನೆ. ಅವನು ಮಾಡಿದ ಕುರ್ಚಿಯಲ್ಲಿ ಮೊಳೆಯಾಗಲಿ, ದಾರದ ಗಂಟಾಗಲಿ, ಮರದ ಅಂಚಾಗಲಿ ಹುಡುಕಿದರೂ ಕಾಣುವುದಿಲ್ಲ. ಬಾಗಿಲಿನ ಒಳಮೈಗೆ ಬಂದಾಗ ಅಲ್ಲೊಂದು ಹಿಡಿ ಅಡ್ಡ ನಿಂತಿತ್ತು. ಅದನ್ನು ಹಾಗೇ ಬಿಟ್ಟರೆ ಗುಂಡಿಗಳ ಸಾಲು ಸೊಟ್ಟಗಾಗುತ್ತದೆ. ಮೇಸ್ತ್ರಿ ಎರಡು ಸ್ಕ್ರೂ ಬಿಚ್ಚಿ ಹಿಡಿಯನ್ನು ಕಿತ್ತು ಪ್ಯಾಂಟಿನ ಜೇಬಿಗೆ ಹಾಕಿದ, ಆ ಜಾಗದ ಮೇಲೆ ರೆಕ್ಸಿನ್ ಎಳೆದು ಹೊಡೆದ. ಹೊರಗಡೆಗೆ ಮಾತ್ರ, ನಾಯಿ ಹೊರಬರದಿರಲೆಂದು, ತಳ್ಳಿದರೆ ತಾನೇ ಬಿದ್ದುಕೊಳ್ಳುವ ಸ್ಪ್ರಿಂಗ್ ಚಿಲಕ ಹಾಕಿದ.

ಕೆಲಸ ಮುಗಿದ ದಿನ ಪಕ್ಕದ ಮನೆಯ ಡ್ರೈವಿಂಗ್ ಸ್ಕೂಲಿನವರನ್ನು ಕರೆದು ತೋರಿಸಿದ. ಅವರು ಹುಷಾರಿನ ಮನುಷ್ಯ. ಯಾವ ಗಾಡಿ ಹತ್ತಿದರೂ ಮೊದಲು ತಮ್ಮ ಕಾಲ ಬಳಿ ಇನ್ನೊಂದು ಬ್ರೇಕ್ ಇದೆಯೇ ಎಂದು ನೋಡುವವರು. ಕೋಣೆಯನ್ನು ಸುತ್ತಲೂ ಒತ್ತಿ ನೋಡಿ ಮೆಚ್ಚಿ, ಕೊನೆಗೆ ಕೇಳಿದರು.

"ಎಲ್ಲಾ ಸರಿ ಮೇಸ್ತ್ರಿ, ಒಳಗಿನಿಂದ ತೆಗೆಯೋದು ಹೇಗೆ?"

"ಯಾವ ನಾಯಿ ಸಾರ್ ಒಳಗಿನಿಂದ ಬಾಗಿಲು ತೆಗೆದಿದೆ?" ಎಂದು ಮೇಸ್ತ್ರಿ ನಕ್ಕ. ಇದೂ ಸರಿಯೇ ಎಂದು ಅವರೂ ನಕ್ಕು ಹೋದರು.

ಹೆಂಡತಿ ಈ ಹತ್ತು ದಿನ ಸುಮ್ಮನಿರಲಿಲ್ಲ. ಪಶುವೈದ್ಯರ ಬಳಿ ಹೋಗಿ ಒಂದು ಚೀಟಿ ಬರೆಸಿಕೊಂಡು ಬಂದಿದ್ದಳು. ಬೆಳಕಿರುವಾಗಲೇ ತಿರುಗಾಡಿಸಿ, ಬೇಗ ಊಟ ಹಾಕಿ, ಕಿಟಕಿ ಬಾಗಿಲು ಪರದೆ ಮುಚ್ಚಿ, ರೇಡಿಯೋ ಹಾಕಿ, ಕೊರಳಪಟ್ಟಿಯಲ್ಲಿ ಫೋನ್ ನಂಬರ್ ಇರಲಿ, ಅದು ಎಲ್ಲಿ ಅಡಗಲು ಇಷ್ಟಪಡುತ್ತದೋ ಅಲ್ಲಿಗೇ ಬಿಡಿ. ಇಷ್ಟಕ್ಕೆ ಡಾಕ್ಟರು ಯಾಕೆ ಬೇಕೆಂದು ಮೇಸ್ತ್ರಿ ಮೂಗು ಮುರಿದ. ಆ ಚೀಟಿಯ ಬೆನ್ನ ಮೇಲೆ ರೆಕ್ಸಿನ್ನಿನ ಅಳತೆ ಗುರುತು ಹಾಕಿಕೊಂಡ. ಅವಳು ತಪ್ಪು ತಿಳಿಯದೆ, ನಂಬರ್ ಬರೆದು ಹೊಲಿಯಲು ಬಿಳಿ ಬಟ್ಟೆಯ ಎರಡು ಪಟ್ಟಿ ಕತ್ತರಿಸಿಕೊಡಿ ಎಂದಳು. ನಾಯಿಗೆ ಕೊರಳು ಒಂದೇ ಅಲ್ಲವೇ, ಎರಡು ಯಾಕೆ ಎಂದು ಮೇಸ್ತ್ರಿ ಕೇಳಿದ. ಇನ್ನೊಂದು ಇರಲಿ ಬಿಡಿ ಎಂದು ಅವಳು ಸೂಜಿ ದಾರ ತೆಗೆದುಕೊಂಡು ಹೋದಳು.

ಅಂತೂ ರಜೆಯ ದಿನ ಬಂತು. ಹೆಂಡತಿ ಒಗೆದಿಟ್ಟಿದ್ದ ನೀಲಿ ಅಂಗಿಯನ್ನು ಮೇಸ್ತ್ರಿ ಹಾಕಿಕೊಂಡ. ಬೆಳಗಿನಿಂದ ಕಾಲರಿನ ಒಳಗೆ ಏನೋ ಕುತ್ತಿಗೆಗೆ ಉಜ್ಜುತ್ತಿತ್ತು. ಹತ್ತು ದಿನದ ಸ್ಪಂಜಿನ ಪುಡಿ ಇರಬೇಕೆಂದು ತುರಿಸಿಕೊಂಡು ಸುಮ್ಮನಾದ. ಹೆಂಡತಿ ನಾಲ್ಕಕ್ಕೆ ಅರಳೆಯನ್ನು ತಿರುಗಾಡಿಸಿ ತಂದಳು, ಐದೂವರೆಗೆ ಊಟ ಹಾಕಿದಳು, ಪರದೆ ಎಳೆದಳು, ರೇಡಿಯೋ ಹಚ್ಚಿದಳು. ಮೇಸ್ತ್ರಿಗೆ ಇದೆಲ್ಲ ಮಕ್ಕಳಾಟದಂತೆ ಕಂಡಿತು. ಆರೂವರೆಗೆ ಅವಳು ಕಿಡಿ ಬಿದ್ದೀತೆಂದು ಒಣಗಿದ ಬಟ್ಟೆ ತರಲು ಮಹಡಿ ಹತ್ತಿದಳು. ಮೇಸ್ತ್ರಿ ಸ್ಕೂಟರಿನಲ್ಲಿ ಬಿಟ್ಟಿದ್ದ ಕೊನೆಯ ಸಾಮಾನು, ಅಂದರೆ ಅರಳೆಗಾಗಿ ಹೊಲಿದ ಪುಟ್ಟ ಹಾಸಿಗೆಯನ್ನು ಹೊತ್ತು ಒಳಗೆ ಬಂದ. ಎರಡೂ ಕೈ ತುಂಬಿದ್ದರಿಂದ ಮುಂಬಾಗಿಲನ್ನು ಹಿಮ್ಮಡಿಯಿಂದ ತಳ್ಳಿದ. ಅದು ಮುಚ್ಚಿಕೊಂಡಿತೋ ಇಲ್ಲವೋ ತಿರುಗಿ ನೋಡಲಿಲ್ಲ.

ಅರಳೆ ಕೋಣೆಯ ಹೊಸ್ತಿಲ ತನಕ ಬಂತು. ಮೂಸಿತು. ಅಂಟಿನ ವಾಸನೆಗೆ ಮೂರು ಸಲ ಸೀನಿ ಹಿಂದೆ ಸರಿಯಿತು. ಮುದ್ದು ಮಾಡಿದರೂ ಬರಲಿಲ್ಲ, ಗದರಿಸಿದರೂ ಬರಲಿಲ್ಲ. ಬಿಸ್ಕತ್ತು ಎಸೆದರೆ ಕತ್ತು ಉದ್ದ ಮಾಡಿ ಬಿಸ್ಕತ್ತನ್ನಷ್ಟೇ ಎಳೆದುಕೊಂಡು, ನಾಲ್ಕು ಕಾಲನ್ನೂ ಹೊರಗೇ ಇಟ್ಟುಕೊಂಡಿತು. ಕೊನೆಗೆ ಮೇಸ್ತ್ರಿ ತಾನೇ ಒಳಗೆ ಹೋಗಿ ಹಾಸಿಗೆಯ ಮೇಲೆ ಕಾಲು ಮುದುಡಿ ಮಲಗಿ, ನೋಡು ಹೀಗೆ ಮಲಗಬೇಕು ಎಂದು ತೋರಿಸಿದ. ನಾಯಿಗೆ ಮಲಗುವುದನ್ನು ಕಲಿಸಲು ಹೊರಟ ಮೊದಲ ಮನುಷ್ಯ ಅವನೇ ಇರಬೇಕು. ಅರಳೆ ತಲೆ ಓರೆ ಮಾಡಿಕೊಂಡು ಆಸಕ್ತಿಯಿಂದ ನೋಡಿತು.

ಆಗಲೇ ಮೈದಾನದವರು ಪರೀಕ್ಷೆಗೆಂದು ಒಂದು ಬಾಣ ಬಿಟ್ಟರು.

ಧಡಾರ್!

ಏನಾಯಿತೆಂದು ಮೇಸ್ತ್ರಿಯನ್ನು ಆಮೇಲೆ ಕೇಳಿದರೆ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಮಲಗಿದ್ದವನು ಚೆಂಡಿನ ಹಾಗೆ ಪುಟಿದೆದ್ದು, ಬಾಗಿಲನ್ನು ದಬಾರನೆ ತಳ್ಳಿ, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಹೊರಗೆ ಚಿಲಕ 'ಟಕ್' ಎಂದಿತು. ಒಳಗೆ ಮೇಸ್ತ್ರಿ, ಹೊರಗೆ ನಾಯಿ.

ಮೊದಲ ಎರಡು ನಿಮಿಷ ಅವನಿಗೆ ಹೆಮ್ಮೆಯೇ ಹೆಮ್ಮೆ. ಎಂಥ ನಿಶ್ಶಬ್ದ! ರೇಡಿಯೋ ಇಲ್ಲ, ಬೀದಿ ಇಲ್ಲ, ತನ್ನ ಉಸಿರು ಬಿಟ್ಟರೆ ಏನೂ ಕೇಳಿಸುತ್ತಿಲ್ಲ. ಭಲೇ ಮೇಸ್ತ್ರಿ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡು ಬಾಗಿಲು ತೆಗೆಯಲು ಕೈ ಚಾಚಿದ. ಕೈಗೆ ಸಿಕ್ಕಿದ್ದು ಒಂದು ಗುಂಡಿ. ಪಕ್ಕದಲ್ಲಿ ಇನ್ನೊಂದು ಗುಂಡಿ. ಬಾಗಿಲು ಯಾವುದು ಗೋಡೆ ಯಾವುದು ಎಂದು ಅವನಿಗೇ ತಿಳಿಯದಷ್ಟು ಅಚ್ಚುಕಟ್ಟಾದ ಕೆಲಸ! ಹಿಡಿ ಎಲ್ಲಿದೆ ಎಂದು ನೆನಪಿಸಿಕೊಂಡ. ಹಿಡಿ ಪ್ಯಾಂಟಿನ ಜೇಬಿನಲ್ಲೇ ಇತ್ತು.

ರೆಕ್ಸಿನ್ ಕೀಳಲು ನೋಡಿದ. ಗಿರಾಕಿಗಳಿಗೆ ಹತ್ತು ವರ್ಷ ಗ್ಯಾರಂಟಿ ಕೊಡುವ ಕೈಕೆಲಸ ಹತ್ತು ನಿಮಿಷಕ್ಕೆ ಕಿತ್ತುಬಂದೀತೇ? ಉಗುರು ಮುರಿಯಿತು. ಹಲ್ಲಿನಿಂದ ಕಚ್ಚಿದ, ಹಲ್ಲು ಜುಮ್ಮೆಂದಿತು. ದಂತವೈದ್ಯರ ಸೋಫಾ ನೆನಪಾಗಿ ಕಚ್ಚುವುದನ್ನು ಬಿಟ್ಟ. ಫೋನು ನಡುಮನೆಯಲ್ಲಿ ಚಾರ್ಜಿಗಿತ್ತು. ಒದ್ದರೆ ಸ್ಪಂಜು ಕಾಲನ್ನು ಪ್ರೀತಿಯಿಂದ ಬರಮಾಡಿಕೊಂಡು ಪ್ರೀತಿಯಿಂದಲೇ ಕಳಿಸಿಕೊಟ್ಟಿತು. ಕೂಗಿದ, ಕಿರುಚಿದ. ಕೂಗನ್ನೆಲ್ಲ ಹತ್ತಿ ಕುಡಿಯಿತು.

ಆಗ ಅವನಿಗೆ ಮುಂಬಾಗಿಲು ನೆನಪಾಯಿತು.

 ಹಿಮ್ಮಡಿಯಿಂದ ತಳ್ಳಿದ ಬಾಗಿಲು ಮುಚ್ಚಿತ್ತೇ? ಮುಚ್ಚಿದ ಸದ್ದು ಕೇಳಿದ ನೆನಪಿಲ್ಲ. ಹೆಂಡತಿ ಮಹಡಿಯ ಮೇಲಿದ್ದಾಳೆ. ಬಾಣ ಸಿಡಿದಿದೆ. ಅರಳೆ ನಡುಮನೆಯಲ್ಲಿ ಒಂಟಿಯಾಗಿದೆ. ಇಷ್ಟು ಹೊತ್ತಿಗೆ ಬಸ್ ಡಿಪೋದ ದಾರಿ ಹಿಡಿದಿರಬಹುದು. ಅಥವಾ ದೊಡ್ಡ ರಸ್ತೆಯದು.  ಮೇಸ್ತ್ರಿ ಬಾಗಿಲಿಗೋ ಗೋಡೆಗೋ ಕಿವಿಯೊತ್ತಿ ಹಿಡಿದ. ಒಂದು ಬೊಗಳು, ಉಗುರಿನ ಒಂದು ಟಕಟಕ, ಬಟ್ಟಲಿನ ನೀರು ನೆಕ್ಕುವ ಸದ್ದು, ಏನಾದರೂ ಒಂದು ಕೇಳಿಸಲೆಂದು ಬೇಡಿಕೊಂಡ. ಏನೂ ಕೇಳಿಸಲಿಲ್ಲ. ಹತ್ತು ದಿನ ಸದ್ದನ್ನು ಹೊರಹಾಕಲು ಬೆವರು ಸುರಿಸಿದವನು ಈಗ ಒಂದೇ ಒಂದು ಸದ್ದಿಗಾಗಿ ಅಂಗಲಾಚುತ್ತಿದ್ದ.

ಸರಿಯಾಗಿ ಏಳಕ್ಕೆ ಸದ್ದು ಬಂತು. ಆದರೆ ಬೇಡಿದ ಸದ್ದಲ್ಲ. ನಾಯಿಗೆ ಗಾಳಿ ಬೇಕೆಂದು ಮೇಲ್ಗಡೆ ಅಂಗೈಯಗಲದ ಒಂದು ಕಿಂಡಿಯನ್ನು ಮಾತ್ರ ಅವನು ಮುಚ್ಚಿರಲಿಲ್ಲ. ಕಿಂಡಿಯ ಮುಖ ಬೀದಿಗಲ್ಲ, ನೇರವಾಗಿ ಮೈದಾನಕ್ಕಿತ್ತು! ಊರಿನವರೆಲ್ಲ ಹಂಚಿಕೊಂಡು ಕೇಳಬೇಕಾದ ಬಾಣಬಿರುಸು ಕಹಳೆಯ ಬಾಯಿಂದ ಬಂದಂತೆ ಮೇಸ್ತ್ರಿಯೊಬ್ಬನ ತಲೆಯ ಮೇಲೇ ಸುರಿಯತೊಡಗಿತು. ಧಡ್, ಢಂ, ಢಮಾರ್. ಮೇಸ್ತ್ರಿ ಪುಟ್ಟ ಹಾಸಿಗೆಯನ್ನು ತಲೆಗೆ ಸುತ್ತಿಕೊಂಡು ಮೂಲೆ ಸೇರಿದ. ಪ್ರತಿ ಸಿಡಿತಕ್ಕೂ ಹಾರಿ ಬೀಳುತ್ತಿದ್ದ. ಕೈಗೆ ಸಿಕ್ಕ ನಾಯಿ ಬಿಸ್ಕತ್ತನ್ನು ಗೊತ್ತಿಲ್ಲದೆ ಕಟುಂ ಎಂದು ಕಡಿಯುತ್ತಿದ್ದ.

ಸುಳ್ಳು ಹೇಳಿ ದಕ್ಕಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲವಲ್ಲ, ಹೋದ ವರ್ಷದ ನಿಜ ಎದುರಿಗೆ ಬಂದು ಕೂತಿತು. ಅರಳೆ ಹಗ್ಗ ಎಳೆದೇ ಇರಲಿಲ್ಲ. ಮೊದಲ ಪಟಾಕಿಗೆ ಹಗ್ಗ ಬಿಟ್ಟು ಓಡಿದ್ದು ಮೇಸ್ತ್ರಿ. ಒಂಟಿಯಾದ ನಾಯಿ ಗಾಬರಿಯಿಂದ ಇನ್ನೊಂದು ದಿಕ್ಕಿಗೆ ಓಡಿತ್ತು, ಅಷ್ಟೇ. ಚಿಕ್ಕಂದಿನಿಂದಲೂ ಅವನಿಗೆ ಆ ಸದ್ದೆಂದರೆ ಜೀವ ಬಾಯಿಗೆ ಬರುತ್ತದೆ. ಮೀಸೆ ಬಂದ ಮೇಲೆ ಅದನ್ನು ಹೇಳಿಕೊಳ್ಳುವುದು ಹೇಗೆ? ಹೊಟ್ಟೆನೋವಿನ ಹಿಂದೆ, ಆಮೇಲೆ ನಾಯಿಯ ಹಿಂದೆ ಅಡಗಿ ಕಾಲ ತಳ್ಳಿದ್ದ. ಈ ಸಲ ಅರಳೆ ಕಳೆದುಹೋದರೆ ಅದೂ ತನ್ನಿಂದಲೇ. ಮೇಸ್ತ್ರಿ ಬಿಸ್ಕತ್ತು ಬಾಯಲ್ಲಿಟ್ಟುಕೊಂಡೇ ಬಿಕ್ಕಿದ.

ಬಾಗಿಲು ತೆರೆಯಿತು.

ಮೊದಲು ಒಳಗೆ ನುಗ್ಗಿದ್ದು ಮೂವತ್ತು ಕಿಲೋ ಅರಳೆ. ಅಂಟಿನ ವಾಸನೆಯನ್ನು ಲೆಕ್ಕಿಸದೆ ಬಂದು ಮೇಸ್ತ್ರಿಯ ತೊಡೆಯ ಮೇಲೆ ಕೂತು, ನಡುಗುತ್ತ, ಅವನ ಕಂಕುಳಲ್ಲಿ ಮೂತಿ ತೂರಿಸಿತು. ಯಾರು ಯಾರನ್ನು ತಬ್ಬಿಕೊಂಡರೆಂದು ಹೇಳುವುದು ಕಷ್ಟ. ಹಿಂದೆಯೇ ಹೆಂಡತಿ ನಿಂತಿದ್ದಳು.

"ಮುಂಬಾಗಿಲು?" ಎಂದ ಮೇಸ್ತ್ರಿ. 

ಬಟ್ಟೆ ತಂದವಳೇ ಮೊದಲು ಅದನ್ನೇ ನೋಡಿದೆ, ಅರ್ಧ ತೆರೆದಿತ್ತು, ಜೀವ ಹೋದಂತಾಯಿತು ಎಂದಳು ಅವಳು. ಅರಳೆ ಹೊರಗೆ ಹೋಗಿರಲಿಲ್ಲ. ಈ ಕೋಣೆಯ ಬಾಗಿಲಿಗೆ ಅಂಟಿಕೊಂಡು ಕೂತಿತ್ತು. ರೇಡಿಯೋ ಹತ್ತಿರಕ್ಕೆ ಕರೆದರೂ ಏಳಲಿಲ್ಲ, ಮಂಚದ ಕೆಳಗೆ ಕಳಿಸಿದರೂ ಹೋಗಲಿಲ್ಲ, ಬಾಗಿಲನ್ನೇ ಕೆರೆಯುತ್ತಿತ್ತು. ಅದು ಎಲ್ಲಿ ಅಡಗಲು ಇಷ್ಟಪಡುತ್ತದೋ ಅಲ್ಲಿಗೇ ಬಿಡಿ ಎಂದು ಚೀಟಿಯಲ್ಲಿದ್ದದ್ದು ನೆನಪಾಗಿ ಕೊನೆಗೆ ಬಾಗಿಲು ತೆಗೆದಳಂತೆ.

"ಅಷ್ಟು ಹೊತ್ತಿಂದ ಇಲ್ಲೇ ಇದ್ದೀಯಾ? ನಾನು ಒಳಗಿರೋದು ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ತೆಗೀಲಿಲ್ಲ?"

"ನೀವೇ ಹೋಗಿ ಹಾಕ್ಕೊಂಡಿದ್ದೀರಿ ಅಂದ್ಕೊಂಡೆ" ಎಂದಳು ಹೆಂಡತಿ. ಅವಳ ದನಿಯಲ್ಲಿ ಕೊಂಕಿರಲಿಲ್ಲ, ಅದೇ ಮೇಸ್ತ್ರಿಗೆ ಹೆಚ್ಚು ನಾಟಿತು. "ಹತ್ತು ದಿನ ಅಷ್ಟು ಆಸೆಪಟ್ಟು ಮಾಡ್ಕೊಂಡಿದ್ರಲ್ಲ. ಅರ್ಧ ಗಂಟೆ ನೆಮ್ಮದಿಯಾಗಿರ್ಲಿ, ತೊಂದರೆ ಕೊಡೋದು ಬೇಡ ಅನ್ನಿಸ್ತು."

ಹೊರಗೆ ಇನ್ನೊಂದು ಬಾಣ ಸಿಡಿಯಿತು. ನಾಯಿ, ಮೇಸ್ತ್ರಿ ಇಬ್ಬರೂ ಒಟ್ಟಿಗೇ ಬೆಚ್ಚಿದರು. ಅವಳು ಒಳಗೆ ಬಂದಳು. ಹೆಗಲ ಮೇಲಿದ್ದ ಟವೆಲ್ಲೊಂದನ್ನು ಮುದ್ದೆ ಮಾಡಿ, ತುದಿಗಾಲಲ್ಲಿ ನಿಂತು ಕಿಂಡಿಗೆ ತುರುಕಿ, ಇಬ್ಬರ ನಡುವೆ ಜಾಗ ಮಾಡಿಕೊಂಡು ಕೂತಳು. ಸದ್ದು ಅರ್ಧಕ್ಕರ್ಧ ನಿಂತಿತು. ಹತ್ತು ದಿನದಲ್ಲಿ ಮೇಸ್ತ್ರಿಗೆ ಹೊಳೆಯದ ಕೆಲಸ ಒಂದು ಟವೆಲ್ಲಿನಿಂದ ಆಯಿತು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಅವನು ಬಾಯಿಬಿಟ್ಟ. "ಹೋದ ವರ್ಷ ಅದು ಎಳೀಲಿಲ್ಲ ಕಣೇ. ಹಗ್ಗ ಬಿಟ್ಟಿದ್ದು ನಾನೇ."

"ಗೊತ್ತು."

"ಹೇಗೆ?"

"ನಿಮ್ಮ ಒಂದು ಚಪ್ಪಲಿ ದಾರೀಲಿ ಬಿದ್ದಿತ್ತಲ್ಲ, ನಾನೇ ಎತ್ಕೊಂಡು ಬಂದೆ. ನಾಯಿ ಎಳೆದಿದ್ರೆ ಅದು ನಾಯಿ ಹೋದ ಕಡೆ ಬೀಳ್ಬೇಕಿತ್ತು. ಮನೆ ಕಡೆ ಬಿದ್ದಿತ್ತು."

ಮೇಸ್ತ್ರಿ ತಲೆ ತಗ್ಗಿಸಿದ. ಹಾಗಾದರೆ ಅರಳೆಯನ್ನು ತಮ್ಮನ ಹತ್ತಿರ ಕಳಿಸುವೆಯಾ ಎಂದು ಅಳುಕುತ್ತ ಕೇಳಿದ. ಅವಳು ಅರಳೆಯ ಕಿವಿಯ ಹಿಂದೆ ಸವರಿದಳು. ಬಾಗಿಲು ತೆರೆದಿದ್ದರೂ ಹೋಗದೆ ನಿಮ್ಮನ್ನೇ ಕಾದು ಕೂತ ನಾಯಿಯನ್ನು ಎಲ್ಲಿಗೆ ಕಳಿಸಲಿ, ಇಲ್ಲೇ ಇರಲಿ ಎಂದಳು. ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಜೀವ ಬಂದದ್ದೇ ತಡ, ಮೀಸೆಯ ಮೇಲೆ ಕೈಯೂ ಹೋಯಿತು. ಏನೇ ಆಗಲಿ, ಹೊಲಿಗೆ ಮಾತ್ರ ಒಂದೂ ಬಿಚ್ಚಲಿಲ್ಲ ನೋಡು ಎಂದು ಗೋಡೆ ತಟ್ಟಿ ತೋರಿಸಿದ.

ಬಾಣಬಿರುಸು ನಿಂತ ಮೇಲೆ ಮೂವರೂ ನಡುಮನೆಗೆ ಬಂದರು. ಬೆವರಿನಿಂದ ತೊಪ್ಪೆಯಾಗಿದ್ದ ಅಂಗಿ ಬಿಚ್ಚುವಾಗ ಕಾಲರಿನ ಒಳಗೆ ಬೆಳಗಿನಿಂದ ಉಜ್ಜುತ್ತಿದ್ದದ್ದು ಮತ್ತೆ ಕೈಗೆ ತಗುಲಿತು. ಸ್ಪಂಜಿನ ಪುಡಿಯಲ್ಲ, ಬಟ್ಟೆ. ಮೇಸ್ತ್ರಿ ಕಾಲರನ್ನು ಮಗುಚಿ ದೀಪದ ಕೆಳಗೆ ಹಿಡಿದ. ಅವನೇ ಕತ್ತರಿಸಿಕೊಟ್ಟ ಬಿಳಿ ಪಟ್ಟಿ. ಒಂದು ಅರಳೆಯ ಕೊರಳಲ್ಲಿತ್ತು, ಎರಡನೆಯದು ಇಲ್ಲಿತ್ತು. ಎರಡರ ಮೇಲೂ ಹೆಂಡತಿಯ ದುಂಡು ಅಕ್ಷರದಲ್ಲಿ ಒಂದೇ ಒಕ್ಕಣೆ.

"ಕಚ್ಚುವುದಿಲ್ಲ. ಸದ್ದಿಗೆ ಹೆದರಿ ಓಡಿ ಬಂದಿದೆ. ಸಿಕ್ಕಿದವರು ದಯವಿಟ್ಟು ನೀರು ಕೊಟ್ಟು, ಈ ನಂಬರಿಗೆ ಫೋನ್ ಮಾಡಿ."

ಮೇಸ್ತ್ರಿ ಎರಡು ಸಲ ಓದಿದ. ಆಮೇಲೆ ಅಭ್ಯಾಸಬಲದಿಂದ ಹೊಲಿಗೆಯನ್ನು ತಿರುಗಿಸಿ ನೋಡಿದ. ದಾರದ ಗಂಟು ಎಲ್ಲೂ ಕಾಣದ ಹಾಗೆ ಹೊಲಿದಿದ್ದಳು.